ಕೂಟಶಾಸನದಿಂದ ಕೂಟಮುದ್ರೆಗೆ: ಟಿಪ್ಪುವಿನ ಕಾಲದ ಪಿಸ್ತೂಲುಗಳ ಪರೀಕ್ಷೆ

ತಾಮ್ರಪಟಗಳಲ್ಲಿ ಕೂಟಶಾಸನಗಳು ಇರುವಂತೆ ಹಳೆಯ ಆಯುಧಗಳಲ್ಲಿ ಕೂಟಮುದ್ರೆಗಳೂ ಇವೆ. ಮೊದಲನೆಯವನ್ನು ಗುರುತಿಸುವ ವಿಧಾನ ನಮ್ಮ ಸಂಶೋಧನೆಯಲ್ಲಿ ನೂರು ವರ್ಷಗಳಿಗೂ ಮಿಗಿಲಾಗಿ ಬೆಳೆದುಬಂದಿದೆ. ಅದೇ ವಿಧಾನವು ಎರಡನೆಯವುಗಳಿಗೂ, ವಿಶೇಷವಾಗಿ ಟಿಪ್ಪು ಸುಲ್ತಾನನ ಹೆಸರಿನಲ್ಲಿ ಮಾರಾಟಕ್ಕೆ ಬರುವ ಚಕಮಕಿ ಪಿಸ್ತೂಲುಗಳಿಗೂ, ಅನ್ವಯಿಸುತ್ತದೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಹೈದರಾಬಾದಿನಲ್ಲಿ ಕುಳಿತು ಈ ವಿಷಯವನ್ನು ವಿಚಾರಿಸುವುದಕ್ಕೆ ಕಾರಣವಿದೆ. ೧೭೯೫ರಲ್ಲಿ ಫ್ರೆಂಚ್ ಸೇನಾನಿ ರೇಮಂಡ್ ನಿಜಾಮನಿಗಾಗಿ ಇಲ್ಲಿ ಫಿರಂಗಿ ಎರಕದ ಮನೆಯನ್ನು ಸ್ಥಾಪಿಸಿದನು; ‘ತೋಪ್ ಕಾ ಸಾಂಚಾ’ ಎಂಬ ಹೆಸರು ಇಂದಿಗೂ ಉಳಿದಿದೆ. ೧೭೯೮ರ ಅಕ್ಟೋಬರಿನಲ್ಲಿ ಫ್ರೆಂಚ್ ದಳವನ್ನು ಇಲ್ಲಿಯೇ ನಿಶ್ಶಸ್ತ್ರಗೊಳಿಸಲಾಯಿತು. ಮರುವರ್ಷ ಮೀರ್ ಆಲಂನ ನೇತೃತ್ವದ ನಿಜಾಮನ ಸೈನ್ಯ ಕಂಪನಿಯ ಸೈನ್ಯದೊಡನೆ ಶ್ರೀರಂಗಪಟ್ಟಣದತ್ತ ನಡೆಯಿತು. ೧೭೯೯ರ ಮೇ ೪ರಂದು ಕೋಟೆ ಬಿದ್ದಿತು. ಹೀಗೆ ಫ್ರೆಂಚ್, ಕಂಪನಿ ಮತ್ತು ಮೈಸೂರಿನ ಆಯುಧಗಳು ಒಂದೇ ನಗರದಲ್ಲಿ ಬೆರೆಯುವುದಕ್ಕೆ ಅವಕಾಶವಾಯಿತು. ಈ ಸಂಭವನೀಯತೆಯೇ ಕೂಟಮುದ್ರೆಗಾರನಿಗೆ ಬಂಡವಾಳ. ‘ಹಿರಿಯರು ಪಟ್ಟಣದಿಂದ ತಂದದ್ದು’ ಎಂಬ ಮಾತನ್ನು ಪೂರ್ಣವಾಗಿ ಅಲ್ಲಗಳೆಯುವಂತಿಲ್ಲ. ಅಷ್ಟರಿಂದಲೇ ಒಪ್ಪುವಂತೆಯೂ ಇಲ್ಲ.

ಮೋಸಕ್ಕೆ ಪ್ರೇರಣೆ ಬೆಲೆಯಲ್ಲಿದೆ. ಟಿಪ್ಪುವಿನ ಶಯನಗೃಹದ್ದೆಂದು ಪ್ರಸಿದ್ಧವಾದ ಖಡ್ಗವೊಂದು ೨೦೨೩ರ ಮೇ ತಿಂಗಳಿನಲ್ಲಿ ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ ೧ ಕೋಟಿ ೪೦ ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಗುರುತಿಲ್ಲದ ಪಿಸ್ತೂಲಿಗೆ ಹುಲಿಪಟ್ಟೆಯ ಚಿತ್ತಾರವನ್ನೋ ಹೈದರನ ಹೆಸರಿನ ಮುದ್ರೆಯನ್ನೋ ಸೇರಿಸಿದರೆ ಅದರ ಬೆಲೆ ಹಲವು ಪಟ್ಟು ಏರುವುದು ಸಹಜ.

ಪರೀಕ್ಷೆಯಲ್ಲಿ ಮೊದಲು ಗಮನಿಸಬೇಕಾದದ್ದು ಕಾಲಗಣನೆ. ಟಿಪ್ಪು ಮೊದಲು ಹಿಜರಿ ವರ್ಷವನ್ನು ಬಳಸುತ್ತಿದ್ದು, ೧೭೮೭ರಿಂದ ಮೌಲೂದಿ ವರ್ಷವನ್ನು ನಾಣ್ಯಗಳ ಮೇಲೆ ತಂದನು. ನಾಣ್ಯಗಳಲ್ಲಿ ದೊರೆಯುವ ಮೊದಲ ಮೌಲೂದಿ ವರ್ಷ ೧೨೧೫, ಕೊನೆಯದು ೧೨೨೭. ಈ ಗಣನೆ ಚಾಂದ್ರಸೌರಮಾನದ್ದು; ಅದರ ಮೊದಲ ತಿಂಗಳಾದ ಅಹ್ಮದಿ ನಮ್ಮ ಚೈತ್ರಕ್ಕೆ ಸಮ. ಆದ್ದರಿಂದ ಕನ್ನಡ ಪಂಚಾಂಗವನ್ನು ಬಲ್ಲವರಿಗೆ ಲೆಕ್ಕ ಸುಲಭ: ಮೌಲೂದಿ ವರ್ಷಕ್ಕೆ ೪೯೪ನ್ನು ಕೂಡಿದರೆ ಶಕವರ್ಷ, ೫೭೨ನ್ನು ಕೂಡಿದರೆ ಆ ವರ್ಷದ ಯುಗಾದಿ ಬಂದ ಕ್ರಿಸ್ತಶಕ. ೧೨೧೫ ಎಂದರೆ ೧೭೮೭ರ ಪ್ಲವಂಗ ಸಂವತ್ಸರ. ೧೨೨೭ ಎಂದರೆ ೧೭೯೯ರ ಸಿದ್ಧಾರ್ಥಿ. ಸಿದ್ಧಾರ್ಥಿಯ ಯುಗಾದಿಯಾದ ಒಂದು ತಿಂಗಳೊಳಗೆ ಟಿಪ್ಪು ಮಡಿದನು. ೧೨೨೭ರ ಅನಂತರದ ಮೌಲೂದಿ ವರ್ಷವನ್ನು ಹೊತ್ತ ‘ಟಿಪ್ಪುವಿನ’ ಪಿಸ್ತೂಲು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುತ್ತದೆ. ನಾಣ್ಯಗಳ ಮೌಲೂದಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದೂ ಸ್ಮರಣೀಯ. ೧೨೧೫ ಎಂಬುದು ರೂಢಿಯ ಓದಿಗೆ ೫೧೨೧ ಎಂದು ಕಾಣುತ್ತದೆ. ಈ ಪದ್ಧತಿಯನ್ನು ಅರಿಯದವನು ಅಸಲನ್ನು ನಕಲಿಯೆಂದೂ ನಕಲಿಯನ್ನು ಅಸಲೆಂದೂ ತಿಳಿಯುವ ಅಪಾಯವಿದೆ.

ಕಂಪನಿಯ ಗುರುತುಗಳಿಗೂ ಕಾಲಮಿತಿಯಿದೆ. ಹೃದಯಾಕಾರದೊಳಗೆ ಅಕ್ಷರಗಳಿರುವ ಮುದ್ರೆ ಹಳೆಯದು. ಕಿರೀಟ ಹಿಡಿದು ನಿಂತ ಸಿಂಹದ ಮುದ್ರೆ ಸುಮಾರು ೧೮೦೮ರಿಂದ ಬಳಕೆಗೆ ಬಂದಿತು. ಸಿಂಹಮುದ್ರೆಯ ಪಿಸ್ತೂಲನ್ನು ೧೭೯೯ರ ಮುತ್ತಿಗೆಯಲ್ಲಿ ಬಳಸಿದ್ದೆಂದು ಹೇಳಿದರೆ ಅದನ್ನು ಒಪ್ಪಲಾಗದು. ಆದರೆ ಕೇಪು ಸಿಡಿಸುವ ಕೀಲು ಇದ್ದ ಮಾತ್ರಕ್ಕೆ ಪಿಸ್ತೂಲು ನಕಲಿಯೆನ್ನಲಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕ ಚಕಮಕಿ ಆಯುಧಗಳನ್ನು ಕೇಪಿಗೆ ಮಾರ್ಪಡಿಸಲಾಗಿದೆ.

ಅನಂತರದ್ದು ಲೋಹದ ಪರೀಕ್ಷೆ. ಅಚ್ಚೊತ್ತಿದ ಮುದ್ರೆ ಲೋಹವನ್ನು ಒತ್ತಿ ಸರಿಸುತ್ತದೆ. ಉಳಿಯಿಂದ ಕೊರೆದದ್ದು ಲೋಹವನ್ನು ತೆಗೆದುಹಾಕುತ್ತದೆ. ಭೂತಗನ್ನಡಿಯಲ್ಲಿ ಈ ಭೇದ ಕಾಣುತ್ತದೆ. ನಳಿಗೆಯನ್ನು ತುಕ್ಕು ತಿಂದು ಕುಳಿಗಳಾಗಿದ್ದರೆ ಆ ಕುಳಿಗಳು ಅಕ್ಷರವನ್ನೂ ತಿಂದಿರಬೇಕು. ಅಕ್ಷರದ ಗೆರೆ ಕುಳಿಯೊಳಗೆ ಇಳಿದು ಮೇಲೇರಿದ್ದರೆ, ಕುಳಿ ಮೊದಲು, ಅಕ್ಷರ ಆಮೇಲೆ. ಸುತ್ತಲಿನ ಮೇಲ್ಮೈ ಸವೆದಿದ್ದು ಮುದ್ರೆಯ ಅಂಚು ಮಾತ್ರ ಹರಿತವಾಗಿದ್ದರೂ ಸಂಶಯಕ್ಕೆ ಎಡೆಯುಂಟು. ಚಿನ್ನದ ಬರಹವಾದರೆ, ತಂತಿಯನ್ನು ಕೊರೆದ ಗೆರೆಯಲ್ಲಿ ಕೂರಿಸಿದೆಯೇ, ಮೇಲೆ ಬಣ್ಣದಂತೆ ಲೇಪಿಸಿದೆಯೇ ಎಂದು ನೋಡಬೇಕು.

ಇಲ್ಲಿ ಜೆ. ಎಫ್. ಫ್ಲೀಟರ ನೆನಪು ಅವಶ್ಯಕ. ಅವರು ಗಂಗರ ಅನೇಕ ತಾಮ್ರಪಟಗಳನ್ನು ಲಿಪಿ, ತಿಥಿ ಹಾಗೂ ವಂಶಾವಳಿಗಳ ಆಧಾರದ ಮೇಲೆ ಕೂಟವೆಂದು ಸಾರಿದರು, ಬಿ. ಎಲ್. ರೈಸರು ಅದನ್ನು ಒಪ್ಪಲಿಲ್ಲ. ಫ್ಲೀಟರ ತೀರ್ಪುಗಳೆಲ್ಲ ಮುಂದೆ ನಿಲ್ಲಲಿಲ್ಲ, ಆದರೆ ಅವರ ವಿಧಾನ ನಿಂತಿತು. ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಒಂದೇ ಲಕ್ಷಣವನ್ನು ನೆಚ್ಚಿ ಯಾವುದನ್ನೂ ಅಸಲೆನ್ನಬಾರದು. ಒಂದೇ ದೋಷವನ್ನು ಹಿಡಿದು ಯಾವುದನ್ನೂ ನಕಲಿಯೆನ್ನಬಾರದು. ವರ್ಷ, ಲಿಪಿ, ಕೆಲಸಗಾರಿಕೆ, ಸವೆತ, ಕೈಬದಲಾದ ದಾಖಲೆ ಇವೆಲ್ಲ ಒಂದನ್ನೊಂದು ಸಮರ್ಥಿಸಬೇಕು.

ಕೂಟಮುದ್ರೆಯಿಂದ ನಷ್ಟವಾಗುವುದು ಕೊಂಡವನ ಹಣ ಮಾತ್ರವಲ್ಲ. ೧೯೭೨ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ನೂರು ವರ್ಷ ಕಳೆದ ಇಂತಹ ಆಯುಧ ಪ್ರಾಚ್ಯವಸ್ತುವೆನಿಸಬಲ್ಲದು. ಮುದ್ರೆಯಿಲ್ಲದ ಸಾಧಾರಣ ಪಿಸ್ತೂಲು ಕೂಡ ಹೆಸರು ತಿಳಿಯದ ಕಮ್ಮಾರನೊಬ್ಬನ ಪ್ರಾಮಾಣಿಕ ದಾಖಲೆ. ಅದರ ಮೇಲೆ ಸುಲ್ತಾನನ ಗುರುತನ್ನು ಕೊರೆದಾಗ ಸುಲ್ತಾನನ ಚರಿತ್ರೆಗೆ ಏನೂ ಸೇರುವುದಿಲ್ಲ. ಆ ಕಮ್ಮಾರನ ಚರಿತ್ರೆ ಮಾತ್ರ ಅಳಿಸಿಹೋಗುತ್ತದೆ. ಆದ್ದರಿಂದ ಸಂಗ್ರಹಾಲಯಗಳಲ್ಲಿಯೂ ಮನೆಗಳಲ್ಲಿಯೂ ಉಳಿದಿರುವ ಈ ಆಯುಧಗಳ ಬರಹಗಳನ್ನು ಶಾಸನಗಳಂತೆಯೇ ಪಡಿಯಚ್ಚು ತೆಗೆದು, ಓದಿ, ಪ್ರಕಟಿಸುವ ಕೆಲಸ ನಡೆಯಬೇಕಾಗಿದೆ.