ಸೃಷ್ಟಿಯ ಸಾಕ್ಷಿ

ದೇವರನ್ನು ಅರಿಯಲು ಎರಡು ಗ್ರಂಥಗಳುಂಟೆಂಬ ಮಾತು ಕ್ರೈಸ್ತ ಪರಂಪರೆಯಲ್ಲಿ ಬಹಳ ಹಳೆಯದು. ಒಂದು ಬೈಬಲ್, ಇನ್ನೊಂದು ಕಣ್ಣೆದುರಿನ ಸೃಷ್ಟಿ. ಹತ್ತೊಂಬತ್ತನೆಯ ಕೀರ್ತನೆಯ ಕವಿಗೆ ಗಗನವೇ ದೇವರನ್ನು ಕೊಂಡಾಡುವ ಬಾಯಿ. ಕಾಣದ ದೇವರ ಶಕ್ತಿಯನ್ನು ಕಾಣುವ ವಸ್ತುಗಳಿಂದ ಗ್ರಹಿಸಬಹುದೆಂದು ಸಂತ ಪೌಲನು ರೋಮಿನವರಿಗೆ ಬರೆದನು. ಈ ಎರಡನೆಯ ಗ್ರಂಥವನ್ನು ಓದಿದವರ ಚರಿತ್ರೆಯಲ್ಲಿ ಇಂಗ್ಲೆಂಡಿನ ಅಧ್ಯಾಯವೊಂದನ್ನು ಇಲ್ಲಿ ನೆನೆಯಬಯಸುತ್ತೇನೆ.

ಜಾನ್ ರೇ 1627ರಲ್ಲಿ ಎಸೆಕ್ಸಿನ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದವನು, ಕೇಂಬ್ರಿಜಿನಲ್ಲಿ ಅಧ್ಯಾಪಕನಾದವನು. 1662ರಲ್ಲಿ ಶಾಸನವು ವಿಧಿಸಿದ ಪ್ರತಿಜ್ಞೆಗೆ ಅಂತಃಕರಣ ಒಪ್ಪದೆ ಆ ಸ್ಥಾನವನ್ನು ತೊರೆದನು. ಮುಂದೆ ಗಿಡ, ಹಕ್ಕಿ, ಮೀನು, ಕೀಟಗಳ ಅಧ್ಯಯನವೇ ಅವನ ಬದುಕಾಯಿತು. ಸೃಷ್ಟಿಯಲ್ಲಿ ಪ್ರಕಟವಾಗಿರುವ ದೇವರ ಜ್ಞಾನವನ್ನು ಕುರಿತು 1691ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಅವನಿಗೆ ನಿರೀಕ್ಷಣೆಯೂ ಆರಾಧನೆಯೂ ಬೇರೆಬೇರೆಯಾಗಿರಲಿಲ್ಲ.

ಶತಮಾನವೊಂದು ಕಳೆದ ಮೇಲೆ ವಿಲಿಯಂ ಪೇಲಿ ಎಂಬ ಪಾದ್ರಿ ಇದೇ ಭಾವವನ್ನು ತರ್ಕದ ಅಚ್ಚಿನಲ್ಲಿ ಎರಕ ಹೊಯ್ದನು. ಬಯಲಿನಲ್ಲಿ ಗಡಿಯಾರವೊಂದು ಬಿದ್ದಿದ್ದರೆ ಅದನ್ನು ಮಾಡಿದವನೊಬ್ಬನಿದ್ದಾನೆಂದು ಊಹಿಸುತ್ತೇವಲ್ಲವೆ? ಗಡಿಯಾರಕ್ಕಿಂತ ಸೂಕ್ಷ್ಮವಾದ ಕಣ್ಣಿಗೆ ನಿರ್ಮಾತೃ ಬೇಡವೆ? 1802ರಲ್ಲಿ ಬಂದ ಅವನ ಪುಸ್ತಕದ ತಿರುಳು ಇದು. ರೇ ಕಂಡು ಬೆರಗಾದದ್ದು ಪೇಲಿಯ ಕೈಯಲ್ಲಿ ಪುರಾವೆಯಾಯಿತು.

ಪೇಲಿಯನ್ನು ಮೆಚ್ಚಿ ಓದಿದವರಲ್ಲಿ ತರುಣ ಚಾರ್ಲ್ಸ್ ಡಾರ್ವಿನ್ನನೂ ಒಬ್ಬ. ಆದರೆ 1859ರಲ್ಲಿ ಅವನೇ ಬೇರೊಂದು ವಿವರಣೆಯನ್ನು ಜಗತ್ತಿನ ಮುಂದಿಟ್ಟನು: ಜೀವಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಣ್ಣ ವ್ಯತ್ಯಾಸಗಳು ಹುಟ್ಟುತ್ತವೆ, ಬಾಳಿಗೆ ನೆರವಾದವು ಉಳಿದು ಕೂಡುತ್ತ ಬರುತ್ತವೆ, ಕಣ್ಣಿನಂಥ ಅಂಗವೂ ಹಾಗೆ ರೂಪುಗೊಂಡೀತು. ಗಡಿಯಾರದ ಉಪಮೆ ಅಂದಿಗೆ ಸಡಿಲವಾಯಿತು.

ಅಮೆರಿಕದಲ್ಲಿ ಈ ಸಿದ್ಧಾಂತದ ಬೆಂಬಲಕ್ಕೆ ನಿಂತವನು ಹಾರ್ವರ್ಡಿನ ಸಸ್ಯಶಾಸ್ತ್ರಜ್ಞ ಏಸಾ ಗ್ರೇ, ನಿಷ್ಠಾವಂತ ಕ್ರೈಸ್ತ. ಈ ಮಾರ್ಗವೇ ದೇವರ ಮಾರ್ಗವೇಕಾಗಬಾರದು ಎಂಬುದು ಅವನ ವಾದ. 1860ರ ಮೇ ತಿಂಗಳಲ್ಲಿ ಡಾರ್ವಿನ್ನನು ಅವನಿಗೆ ಬರೆದ ಪತ್ರದಲ್ಲಿ ತನ್ನ ಕಳವಳವನ್ನು ತೋಡಿಕೊಂಡನು. ಒಂದು ಜಾತಿಯ ಕಣಜದ ಮರಿಹುಳುಗಳು ಜೀವಂತ ಕಂಬಳಿಹುಳುವನ್ನು ಒಳಗಿನಿಂದಲೇ ತಿಂದು ಬೆಳೆಯುತ್ತವೆ. ದಯಾಮಯನಾದ ದೇವರು ಇದನ್ನು ಬೇಕೆಂದೇ ನಿರ್ಮಿಸಿದನೆಂದು ನಂಬುವುದು ಹೇಗೆ? ಆದರೂ ಇಡೀ ವಿಶ್ವ ಬರಿಯ ಜಡಶಕ್ತಿಯ ಫಲವೆನ್ನಲೂ ಅವನಿಗೆ ಮನಸ್ಸಾಗಲಿಲ್ಲ. ಹತ್ತು ವರ್ಷದ ಮಗಳು ಆ್ಯನಿಯನ್ನು 1851ರಲ್ಲಿ ಕಳೆದುಕೊಂಡ ತಂದೆ ಅವನು. ನೋವೆಂಬುದು ಅವನಿಗೆ ಪುಸ್ತಕದ ವಿಷಯವಾಗಿರಲಿಲ್ಲ. ಒಂದೇ ಹೂವನ್ನು ನೋಡಿ ಒಬ್ಬನು ಕೈಮುಗಿದನು, ಇನ್ನೊಬ್ಬನು ಮೌನವಾದನು. ಸ್ನೇಹ ಮಾತ್ರ ಕೆಡಲಿಲ್ಲ. ಹೂವುಗಳ ರೂಪಭೇದವನ್ನು ಕುರಿತ ತನ್ನ 1877ರ ಗ್ರಂಥವನ್ನು ಡಾರ್ವಿನ್ನನು ಗ್ರೇಗೆ ಅರ್ಪಿಸಿದನು.

ಹಾಗಾದರೆ ಸೃಷ್ಟಿಯಲ್ಲಿ ದೇವರನ್ನು ಕಾಣುವ ದಾರಿ ಮುಚ್ಚಿತೆ? ಕ್ಯಾಥೊಲಿಕ್ ಚಿಂತಕ ಜಾನ್ ಹೆನ್ರಿ ನ್ಯೂಮನ್ 1870ರ ಪತ್ರವೊಂದರಲ್ಲಿ ಕ್ರಮವನ್ನೇ ತಿರುಗಿಸಿದನು: ರಚನೆಯನ್ನು ಕಂಡು ತಾನು ದೇವರನ್ನು ನಂಬಿದ್ದಲ್ಲ, ದೇವರನ್ನು ನಂಬಿದ್ದರಿಂದ ರಚನೆ ಕಂಡಿತು ಎಂಬುದು ಅವನ ಆಶಯ. ಬೈಬಲಿನ ಯೋಬನ ಗ್ರಂಥವೂ ಈ ದಿಕ್ಕಿನದೇ. ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನು ನ್ಯಾಯ ಕೇಳಿದಾಗ, ದೇವರು ವಾದ ಹೂಡುವುದಿಲ್ಲ, ಸೃಷ್ಟಿಯನ್ನು ತೋರಿಸುತ್ತಾನೆ. ಅಲ್ಲಿ ಮೊಟ್ಟೆಗಳನ್ನು ನೆಲದ ಮೇಲೆ ಬಿಟ್ಟುಹೋಗುವ ಉಷ್ಟ್ರಪಕ್ಷಿಯುಂಟು. ನೆತ್ತರು ಹೀರುವ ಹದ್ದಿನ ಮರಿಗಳೂ ಉಂಟು. ಕಣಜದ ಕ್ರೌರ್ಯವನ್ನು ಆ ಪ್ರಾಚೀನ ಕವಿ ಬಲ್ಲವನೇ. ಆದರೂ ಯೋಬನು ತಲೆಬಾಗುತ್ತಾನೆ.

ಬಹುಕಾಲ ಕನ್ನಡ ಪಾಠ ಹೇಳಿದ ನನಗೆ ಇಲ್ಲಿ ಎರಡು ಪದಗಳು ತೋರುತ್ತವೆ: ಪುರಾವೆ ಮತ್ತು ಸಾಕ್ಷಿ. ಪುರಾವೆ ಒಪ್ಪದವನನ್ನೂ ಒಪ್ಪಿಸಬೇಕು. ಸಾಕ್ಷಿಯೆಂದರೆ ಕಣ್ಣಾರೆ ಕಂಡವನು. ಅವನು ಕಂಡದ್ದನ್ನು ನುಡಿಯುತ್ತಾನೆ, ನಂಬುವುದು ಕೇಳಿದವನಿಗೆ ಬಿಟ್ಟದ್ದು. ಪುರಾವೆಯಾಗಿ ನಿಂತ ಗಡಿಯಾರ ಕಾಲದೊಡನೆ ಹಳತಾಯಿತು. ಕಮ್ಮಾರನ ಮಗ ಎಲೆಯೊಂದನ್ನು ನೋಡಿ ನುಡಿದ ಸಾಕ್ಷಿಯನ್ನು ಇಂದಿನ ಓದುಗನೂ ಗೌರವದಿಂದ ಕೇಳಬಹುದು.