ಆಯದ ಜೋಳ, ಹಳೆಯ ಗಾಡಿಯ ಬೇರಿಂಗು

ಉದ್ದ ಚಾಸಿಯ ಹಳೆಯ ಫೋರ್ ವೀಲ್ ಗಾಡಿ ನಿಂತಲ್ಲಿಂದ ಹೊರಡುವಾಗ ಅಡಿಯಲ್ಲಿ ಗುಡುಗುಟ್ಟಿದರೆ ಮಿಸ್ತ್ರಿ ಮೊದಲು ಕೈಯಿಟ್ಟು ನೋಡುವುದು ಸೆಂಟರ್ ಬೇರಿಂಗನ್ನು. ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ನಡುವೆ ಎತ್ತಿ ಹಿಡಿಯುವ ಅಂಗೈಯಗಲದ ಭಾಗ ಅದು. ಸವೆದರೆ ಬದಲಿಸುವುದು ಕೆಲವೇ ತಾಸಿನ ಕೆಲಸ. ಇಷ್ಟು ಸಣ್ಣ ಕೆಲಸಕ್ಕೆ ಚರಿತ್ರೆಯ ಮಾತು ಏಕೆಂದರೆ, ಅರಕೇರಿ, ತಿಕೋಟಾ, ಬಬಲೇಶ್ವರದ ಎರೆ ಸೀಮೆಯ ಜನ ಸವೆತದೊಡನೆ ಹೇಗೆ ಬಾಳಿದರು ಎಂಬುದು ಇದರಲ್ಲಿ ಅಡಗಿದೆ. ನನ್ನ ವಾದವಿದು: ಚಕ್ಕಡಿಯ ಕಾಲ ಕಳೆದು ಜೀಪು ಬಂದಾಗ ದುರಸ್ತಿಯ ಜಾಣ್ಮೆ ನಶಿಸಲಿಲ್ಲ, ಮೈ ಬದಲಿಸಿ ಉಳಿಯಿತು. ನಶಿಸಿದ್ದು ಆ ಜಾಣ್ಮೆಗೆ ಕೂಲಿ ಕೊಡುವ ಕ್ರಮ. ಕೆಡದಂತೆ ನೋಡಿಕೊಂಡದ್ದಕ್ಕೂ ಸಲ್ಲುತ್ತಿದ್ದ ಕೂಲಿ, ಕೆಟ್ಟದ್ದನ್ನು ಸರಿಪಡಿಸಿದ್ದಕ್ಕೆ ಮಾತ್ರ ಸಲ್ಲತೊಡಗಿತು. ನಮ್ಮ ಗಾಡಿಗಳು ಕಾಲಕ್ಕೆ ಮೊದಲೇ ಕೈಕೊಡುವುದಕ್ಕೆ ಇದೊಂದು ದೊಡ್ಡ ಕಾರಣ.

ಮೊದಲು ಬೇರಿಂಗಿನ ಸಂಗತಿಯನ್ನೇ ನೋಡೋಣ. ಉದ್ದದ ಶಾಫ್ಟ್ ವೇಗವಾಗಿ ತಿರುಗಿದಾಗ ನಡುವೆ ಬಾಗಿ, ಹಗ್ಗದಾಟದ ಹಗ್ಗದಂತೆ ಬೀಸತೊಡಗುತ್ತದೆ. ಶಾಫ್ಟಿನ ಉದ್ದವನ್ನು ಅರ್ಧಕ್ಕಿಳಿಸಿದರೆ ಈ ಅಪಾಯ ಎದುರಾಗುವ ವೇಗ ನಾಲ್ಕು ಪಟ್ಟು ಮೇಲೇರುತ್ತದೆ. ಆದ್ದರಿಂದ ಲಾರಿಗಳಲ್ಲಿ, ಉದ್ದ ಚಾಸಿಯ ಗಾಡಿಗಳಲ್ಲಿ ಶಾಫ್ಟನ್ನು ಎರಡು ತುಂಡಾಗಿಸಿ, ನಡುವೆ ರಬ್ಬರಿನ ಹಾಸಿನಲ್ಲಿ ಬೇರಿಂಗೊಂದನ್ನು ತೂಗುಹಾಕುತ್ತಾರೆ. ಮುಂಗಾಲಿಗೂ ಹಿಂಗಾಲಿಗೂ 80 ಅಂಗುಲವಷ್ಟೇ ಅಂತರವಿದ್ದ ವಿಲ್ಲೀಸ್ ಜೀಪಿಗೆ ಇದರ ಅಗತ್ಯವಿರಲಿಲ್ಲ. ಅದರಲ್ಲಿ ಸವೆಯುತ್ತಿದ್ದದ್ದು ಶಾಫ್ಟಿನ ಎರಡೂ ತುದಿಯ ಜಾಯಿಂಟ್ ಕ್ರಾಸುಗಳು. ಬೇರಿಂಗ್ ಬದಲಿಸುವವನು ಶಾಫ್ಟ್ ಬಿಚ್ಚುವ ಮೊದಲು ಎರಡೂ ತುಂಡುಗಳ ಮೇಲೆ ಗುರುತು ಹಾಕಿಕೊಳ್ಳುತ್ತಾನೆ. ಓರೆಯಾಗಿ ತಿರುಗುವ ಒಂದು ಕ್ರಾಸು ಹುಟ್ಟಿಸುವ ಏರಿಳಿತವನ್ನು ಇನ್ನೊಂದು ಕ್ರಾಸು ಅಳಿಸಬೇಕು. ಜೋಡಣೆ ಒಂದು ಹಲ್ಲು ತಪ್ಪಿದರೂ ನಡುಕ ಹೆಚ್ಚುತ್ತದೆ. ಹಳೆಯ ಬೇರಿಂಗನ್ನು ಪುಲ್ಲರ್ ಹಾಕಿ ಎಳೆಯಬೇಕು. ಹೊಸದನ್ನು ಕೂರಿಸುವಾಗ ಒಳಬಳೆಯನ್ನೇ ಒತ್ತಬೇಕು. ಹೊರಬಳೆಗೆ ಸುತ್ತಿಗೆ ಬಿದ್ದರೆ ಪೆಟ್ಟು ಗುಂಡುಗಳ ಮೂಲಕ ಹಾದು ಅವು ಓಡುವ ದಾರಿಯಲ್ಲಿ ಕುಳಿ ಮೂಡಿಸುತ್ತದೆ. ಹೊಸ ಬೇರಿಂಗು ಹುಟ್ಟುವಾಗಲೇ ಸತ್ತಂತೆ.

ಇದೆಲ್ಲ ಗ್ಯಾರೇಜಿನ ವಿದ್ಯೆ, ಹಳ್ಳಿಯ ಕುಲುಮೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಹೆಸರುಗಳೇ ಈ ಪ್ರಶ್ನೆಗೆ ಬಲ ಕೊಡುತ್ತವೆ: ಬೇರಿಂಗ್, ಕ್ರಾಸು, ಗ್ರೀಸು, ನಿಪ್ಪಲ್ ಎಲ್ಲವೂ ಹೊರಗಿನಿಂದ ಬಂದ ಮಾತುಗಳು. ಆದರೆ ಹೆಸರು ಹೊಸದಾದ ಮಾತ್ರಕ್ಕೆ ತಿಳಿವಳಿಕೆಯೂ ಹೊಸದೆನ್ನಲಾಗದು. ಚಕ್ಕಡಿಯ ಅಚ್ಚು, ಗಾಲಿಯ ಗುಂಬ, ಗುಂಬದೊಳಗಿನ ಕಬ್ಬಿಣದ ಬಳೆ, ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡೆಗೀಲು, ಇವೆಲ್ಲಕ್ಕೂ ಕೀಲೆಣ್ಣೆ: ತಿರುಗುವುದಕ್ಕೂ ತಿರುಗದಿರುವುದಕ್ಕೂ ನಡುವಿನ ಜಾಗವನ್ನು ನಿಭಾಯಿಸುವ ಪೂರ್ತಿ ಶಾಸ್ತ್ರ ಇಲ್ಲಿದೆ. ಬೆಲೆಬಾಳುವ ಗುಂಬ ಉಳಿಯಬೇಕಾದರೆ ಅಗ್ಗದ ಬಳೆ ಸವೆಯಬೇಕು ಎಂಬುದು ಇದರ ತಿರುಳು, ಬೇರಿಂಗಿನ ತಿರುಳೂ ಅದೇ. ಜೇಡರ ದಾಸಿಮಯ್ಯ ಕಡೆಗೀಲನ್ನು ಶರಣರ ಮಾತಿಗೆ ಹೋಲಿಸಿ ವಚನ ಕಟ್ಟಿದ್ದಾನೆ. ಬಂಡಿಯ ಭಾರವೆಲ್ಲ ಒಂದು ಸಣ್ಣ ಕೀಲನ್ನು ನಂಬಿದೆ ಎಂಬುದು ಕೇಳುವವರಿಗೆ ಮೊದಲೇ ಗೊತ್ತಿದ್ದರಿಂದಲೇ ಆ ಹೋಲಿಕೆಗೆ ವಿವರಣೆ ಬೇಕಾಗಲಿಲ್ಲ.

ಕೈಚಳಕವೂ ಹೀಗೆಯೇ ದಾಟಿ ಬಂದಿದೆ. ಮರದ ಗಾಲಿಗೆ ಕಬ್ಬಿಣದ ಹಳಿ ಹಾಕುವಾಗ ಕಂಬಾರ ಅದನ್ನು ಕುಳ್ಳಿನ ಬೆಂಕಿಯಲ್ಲಿ ಕಾಯಿಸುತ್ತಿದ್ದ. ಕಾದು ಹಿಗ್ಗಿದ ಹಳಿ ಗಾಲಿಯ ಸುತ್ತ ಸಲೀಸಾಗಿ ಕೂರುತ್ತಿತ್ತು. ನೀರು ಹೊಯ್ದೊಡನೆ ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತು. ಮುಚ್ಚಳವಿಲ್ಲದ ದೊಡ್ಡ ಬೇರಿಂಗನ್ನು ಬಿಸಿ ಎಣ್ಣೆಯಲ್ಲಿಟ್ಟು, ಹಿಗ್ಗಿದ ಒಳಬಳೆಯನ್ನು ಶಾಫ್ಟಿಗೆ ತೊಡಿಸುವುದೂ ಇದೇ ತತ್ತ್ವದಿಂದ. ಎಷ್ಟು ಬಿಸಿ ಸಾಕು, ಎಷ್ಟು ಬಿಗಿ ಹೆಚ್ಚಾಯಿತು ಎಂಬ ಅಂದಾಜು ಕಣ್ಣಿಗೂ ಕೈಗೂ ಬರಬೇಕಾದ್ದು, ಪುಸ್ತಕದಿಂದ ಬರುವಂಥದ್ದಲ್ಲ. 1884ರಲ್ಲಿ ಹೋಟಗಿ–ಗದಗ ರೈಲು ಬಂದ ಮೇಲೂ ಹೊಲದಿಂದ ಸ್ಟೇಷನ್ನಿಗೆ ಜೋಳ, ಹತ್ತಿ ಹೊತ್ತದ್ದು ಚಕ್ಕಡಿಯೇ. ಮಳೆಗೆ ಅಂಟಾಗಿ ಗಾಲಿಯನ್ನು ನುಂಗುವ, ಬೇಸಿಗೆಗೆ ಬಿರುಕುಬಿಟ್ಟು ಹಿಟ್ಟಿನಂಥ ಧೂಳೇಳಿಸುವ ಡೋಣಿ ದಂಡೆಯ ಎರೆಯಲ್ಲಿ ಅಚ್ಚನ್ನು ಉಳಿಸಿಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ಹಾಗಿದ್ದೂ ಅದನ್ನು ಉಳಿಸಿಕೊಂಡ ಬಗೆಯಲ್ಲೇ ಆಯದ ಮಹತ್ವ ಕಾಣುವುದು.

ಊರಿನ ಕಂಬಾರ, ಬಡಿಗೇರರಿಗೆ ಕೆಲಸಕ್ಕೊಂದು ದರವಿರಲಿಲ್ಲ. ಹಿಂಗಾರಿ ಜೋಳದ ರಾಶಿಯಾದಾಗ ಒಕ್ಕಲಿಗ ಕಣದಲ್ಲೇ ಅವರ ಪಾಲು ಅಳೆದು ಕೊಡುತ್ತಿದ್ದ, ಅದು ಆಯ. ಅದಕ್ಕೆ ಬದಲಾಗಿ ವರ್ಷವಿಡೀ ನೇಗಿಲು, ಕುಂಟೆ, ಕೂರಿಗೆಗಳನ್ನು ಹಸನಾಗಿಡುವುದು ಅವರ ಹೊಣೆ. ಹೊಸ ಚಕ್ಕಡಿ ಕಟ್ಟುವುದಕ್ಕೆ, ಮನೆಯ ಮರಗೆಲಸಕ್ಕೆ ಬೇರೆ ಕೂಲಿ ಕೊಡುವುದೇ ಸಾಮಾನ್ಯ ರೂಢಿ. ಹಾಗಾದರೆ ಚಕ್ಕಡಿ ಆಯದ ಹೊರಗೇ ಇತ್ತಲ್ಲ ಎಂಬ ಆಕ್ಷೇಪ ಬರುತ್ತದೆ. ಕಟ್ಟುವ ಕೂಲಿಯ ಮಟ್ಟಿಗೆ ಅದು ಸರಿ. ಆದರೆ ಕೂರಿಗೆ ನೋಡುವ ಕಣ್ಣೇ ಗಾಲಿಯನ್ನೂ ನೋಡುತ್ತಿತ್ತು, ಒಂದೇ ಕುಲುಮೆಯ ಮುಂದೆ ಎರಡೂ ನಿಲ್ಲುತ್ತಿದ್ದವು. ವರ್ಷದ ಪಾಲು ಗೊತ್ತಾಗಿದ್ದವನಿಗೆ ಉಪಕರಣ ಮತ್ತೆ ಮತ್ತೆ ಮುರಿದು ಬಂದರೆ ಲಾಭವಿಲ್ಲ, ದುಡಿತವಷ್ಟೇ ಹೆಚ್ಚು. ಬಾಳಿಕೆ ಬರುವಂತೆ ಮಾಡುವುದರಲ್ಲಿ ಒಕ್ಕಲಿಗನ ಹಿತವೂ ಕಸುಬುದಾರನ ಹಿತವೂ ಒಂದಾಗಿದ್ದವು.

ಜೀಪು ಬಂದದ್ದು ಬೇರೊಂದು ಲೆಕ್ಕದೊಡನೆ. 1945ರಲ್ಲಿ ಹುಟ್ಟಿ 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಎಂಬ ಹೆಸರು ಪಡೆದ ಕಂಪನಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದ ಮೇಲೆ ಜೀಪೆಂದರೆ ಹಳ್ಳಿಗರ ಕಣ್ಣಿಗೆ ಸಾಹೇಬರ ಗಾಡಿ. ಅದಕ್ಕೆ ಡ್ರೈವರ್ ಇದ್ದ, ಲಾಗ್‌ಬುಕ್ ಇತ್ತು, ಗ್ರೀಸ್ ಹೊಡೆಯುವ ಗಡುವು ಇತ್ತು. ಸಂಬಳ ತೆಗೆದುಕೊಂಡು ಗಾಡಿ ನೋಡಿಕೊಳ್ಳುವ ಆ ಡ್ರೈವರ್ ಒಂದರ್ಥದಲ್ಲಿ ಆಯಗಾರನ ಸ್ಥಾನದಲ್ಲಿದ್ದ. ಅದೇ ಗಾಡಿ ಹಳತಾಗಿ, ಲಿಲಾವಿನಲ್ಲಿ ಖಾಸಗಿಯವರ ಕೈಸೇರಿ, ಸಂತೆ ಜಾತ್ರೆಗಳಿಗೆ ಜನ ತುಂಬಿಕೊಂಡು ಓಡತೊಡಗಿದಾಗ ಆ ಏರ್ಪಾಡು ಕಳಚಿತು. ಈಗ ಮಿಸ್ತ್ರಿಗೆ ದುಡ್ಡು ಹುಟ್ಟುವುದು ಗಾಡಿ ನಿಂತಾಗ ಮಾತ್ರ. ತಪಾಸಣೆಗೆಂದು ಗಾಡಿಯಡಿ ಮಲಗಿ, ರಬ್ಬರ್ ಬಿರಿದಿದೆ ಎಂದು ಎಚ್ಚರಿಸಿದವನಿಗೆ ಧನ್ಯವಾದದ ಹೊರತು ಏನೂ ಸಿಗದು. ತಪ್ಪು ಮಿಸ್ತ್ರಿಯದಲ್ಲ, ಮಾಲೀಕನದೂ ಅಲ್ಲ. ಇಬ್ಬರ ಹಿತವನ್ನು ಬೇರ್ಪಡಿಸಿದ ಲೆಕ್ಕದ್ದು.

ಇದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಈಗಿನ ಬೇರಿಂಗುಗಳು ಗ್ರೀಸ್ ತುಂಬಿ ಮುಚ್ಚಿಕೊಂಡೇ ಬರುತ್ತವೆ, ಆರೈಕೆಯ ಮಾತೆಲ್ಲಿ ಎಂಬುದು ಮೊದಲನೆಯದು. ಮುಚ್ಚಿದ ಬೇರಿಂಗೂ ತಾನಾಗಿಯೇ ಸಾಯುವುದು ಕಡಿಮೆ. ಒಣಗಿದ ಕ್ರಾಸು, ಜಾರುವ ಹಲ್ಲುಗಳ ಸವೆತ, ಬಿರಿದ ರಬ್ಬರು, ಕೂರಿಸುವಾಗ ಬಿಟ್ಟುಹೋದ ತೆಳು ಪಟ್ಟಿಯಿಂದ ಬದಲಾದ ಕೋನ, ಇವು ಅದನ್ನು ಕೊಲ್ಲುತ್ತವೆ. ಈ ಮೂಲವನ್ನು ಹುಡುಕದೆ ಬೇರಿಂಗನ್ನಷ್ಟೇ ಬದಲಿಸಿದರೆ ಹೊಸದಕ್ಕೂ ಅದೇ ಗತಿ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಆಯವು ಜಾತಿಗೆ ಕಟ್ಟುಬಿದ್ದ ವ್ಯವಸ್ಥೆ. ಅಳೆದು ಕೊಡುವ ಕೈ ಯಾವಾಗಲೂ ಮೇಲಿತ್ತು, ಬರಗಾಲದಲ್ಲಿ ಕಸುಬುದಾರನ ಪಾಲೂ ಬತ್ತುತ್ತಿತ್ತು. 1876–78ರ ಭೀಕರ ಬರ ಕಂಡ ಈ ಸೀಮೆಯಲ್ಲಿ ಅದನ್ನು ಮರೆತು ಮಾತಾಡುವುದು ಅನ್ಯಾಯ. ಆ ಕಟ್ಟು ಹೋದದ್ದು ಒಳ್ಳೆಯದಾಯಿತು, ಮರಳಿ ಬರಲೂ ಬಾರದು. ಆದರೆ ಹುಟ್ಟಿನಿಂದ ಬಂದ ಬಂಧನ ಬೇರೆ, ಕೆಡದಂತೆ ಕಾಯ್ದದ್ದಕ್ಕೂ ಕೂಲಿ ಸಲ್ಲಬೇಕೆಂಬ ವಿವೇಕ ಬೇರೆ. ಮೊದಲನೆಯದನ್ನು ಕಿತ್ತೊಗೆಯುವಾಗ ಎರಡನೆಯದೂ ಅದರೊಡನೆ ಹೋಯಿತು.

ಎರಡನೆಯದನ್ನು ಮರಳಿ ಪಡೆಯಲು ಹಳೆಯ ಕಾಲಕ್ಕೆ ಹೋಗಬೇಕಿಲ್ಲ. ತಿಕೋಟಾ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಔಷಧಿ ಸಿಂಪಡಿಸುವ ಯಂತ್ರಗಳನ್ನು ಟ್ರ್ಯಾಕ್ಟರಿನ ಶಾಫ್ಟ್ ತಿರುಗಿಸುತ್ತದೆ, ಅದರಲ್ಲೂ ಅವೇ ಕ್ರಾಸುಗಳಿವೆ. ಸಿಂಪರಣೆಯ ಹೊತ್ತಿಗೆ ಒಂದು ಕ್ರಾಸು ಮುರಿದು ಯಂತ್ರ ನಿಂತರೆ ಆಗುವ ನಷ್ಟದ ಮುಂದೆ ಬಿಡಿಭಾಗದ ಬೆಲೆ ಏನೂ ಅಲ್ಲ. ಹತ್ತು ಮಂದಿ ಬೆಳೆಗಾರರು ಸೇರಿ, ಒಣದ್ರಾಕ್ಷಿ ಮಾರಿದ ಹಣದಲ್ಲಿ ಒಬ್ಬ ಮಿಸ್ತ್ರಿಗೆ ಇಬ್ಬರೂ ಒಪ್ಪಿದ ವರ್ಷದ ಮೊತ್ತ ಗೊತ್ತು ಮಾಡಿ, ತಿಂಗಳಿಗೊಮ್ಮೆ ಎಲ್ಲ ಯಂತ್ರಗಳ ಅಡಿಗೆ ಅವನ ಕೈ ಹೋಗುವಂತೆ ಮಾಡಿದರೆ ಸಾಕು. ಕಸುಬು ಅವನು ಆರಿಸಿಕೊಂಡದ್ದು, ದರ ಇಬ್ಬರೂ ಕೂಡಿ ಕಟ್ಟಿದ್ದು. ಯಂತ್ರ ನಿಲ್ಲದೆ ಓಡಿದಷ್ಟೂ ಇಬ್ಬರಿಗೂ ಲಾಭ. ಕಣದಲ್ಲಿ ಅಳೆದು ಕೊಡುತ್ತಿದ್ದ ಜೋಳದಲ್ಲಿ ಉಳಿಸಿಕೊಳ್ಳಬೇಕಾದ ಅಂಶ ಇಷ್ಟೇ ಇತ್ತು.