ಮೀಟರ್ ಇಲ್ಲದ ಲೆಕ್ಕ: ಕೆನ್ನಿ, ಲಿಲ್ಲಿ ಮತ್ತೆ ನೋಡ್ತಾ ನಿಂತ ಹುಡುಗಿ

(1/5)

ಮೊದಲೇ ಹೇಳ್ಬಿಡ್ತೀನಿ. ಇದು ದೊಡ್ಡವರ ಗೇಮ್, ರಕ್ತ ಸಾವು ಎಲ್ಲಾ ಇದೆ. ಕಥೆನೂ ಪೂರ್ತಿ ಬಿಚ್ಚಿಡ್ತೀನಿ. ಆಡಬೇಕು ಅಂತಿರೋರು ಸೇವ್ ಮಾಡಿಟ್ಟು ಆಮೇಲೆ ಬನ್ನಿ.

'ದ ವಾಕಿಂಗ್ ಡೆಡ್' ಅಂದ್ರೆ ನಿಮ್ಗೆ ಟೀವಿ ಸರಣಿ ನೆನಪಾಗಬಹುದು. ನಾನು ಹೇಳ್ತಿರೋದು 2012ರಲ್ಲಿ ಟೆಲ್‌ಟೇಲ್ ಕಂಪನಿ ಐದು ಕಂತಲ್ಲಿ ಬಿಟ್ಟ ಗೇಮ್ ಬಗ್ಗೆ. ಅದು ಎಷ್ಟು ಹೊಸದು ಅಂತ ಗೊತ್ತಾಗ್ಬೇಕಾದ್ರೆ ಒಂದ್ಸಲ 1985ಕ್ಕೆ ಹೋಗಿ ಬರಬೇಕು.

ಆ ವರ್ಷ ರಿಚರ್ಡ್ ಗ್ಯಾರಿಯಟ್ 'ಅಲ್ಟಿಮಾ 4' ತಂದರು. ಅದರಲ್ಲಿ ಕೊನೆಗೆ ಕೊಲ್ಲಬೇಕಾದ ಖಳನೇ ಇಲ್ಲ! ಎಂಟು ಸದ್ಗುಣ ಸಾಧಿಸಿ 'ಅವತಾರ್' ಆಗೋದೇ ಆಟ. ಹೌದು, ನಮ್ಮ ಅವತಾರವೇ. ಹಿಂದೂ ಧರ್ಮದ ಬಗ್ಗೆ ಟೀವಿಯಲ್ಲಿ ಬಂದ ಒಂದು ಕಾರ್ಯಕ್ರಮದಿಂದ ಆ ಯೋಚನೆ ಹೊಳೀತು ಅಂತ ಗ್ಯಾರಿಯಟ್ಟೇ ಹೇಳಿಕೊಂಡಿದ್ದಾರೆ. ಜೊತೆಗೆ ಬರೋರು ಒಬ್ಬೊಬ್ಬರೂ ಒಂದೊಂದು ಗುಣಕ್ಕೆ ನಿಂತವರು: ಐಯೋಲೊ ಕರುಣೆಗೆ, ಡುಪ್ರೆ ಮಾನಕ್ಕೆ, ಕುರಿ ಕಾಯೋ ಕತ್ರೀನಾ ವಿನಯಕ್ಕೆ. ಅಂಗಡಿಯಲ್ಲಿ ಬೇರು ಮೂಲಿಕೆ ಮಾರೋರು ಕುರುಡರು. ಕಾಸು ಕಮ್ಮಿ ಕೊಟ್ರೂ ಅವರಿಗೆ ಕಾಣಲ್ಲ. ಆದರೆ ಗೇಮ್ ಒಳಗೊಳಗೇ ಬರ್ಕೊಳ್ಳುತ್ತೆ, ಥೇಟ್ ಚಿತ್ರಗುಪ್ತ.

(2/5)

ಆಮೇಲೆ ಚಿತ್ರಗುಪ್ತನ ಪುಸ್ತಕವನ್ನೇ ಸ್ಕ್ರೀನ್ ಮೇಲೆ ತೆರೆದಿಟ್ಟರು. 2003ರ 'ಸ್ಟಾರ್ ವಾರ್ಸ್: ನೈಟ್ಸ್ ಆಫ್ ದ ಓಲ್ಡ್ ರಿಪಬ್ಲಿಕ್'ನಲ್ಲಿ ಬೆಳಕಿನ ಕಡೆ, ಕತ್ತಲ ಕಡೆ. 2007ರ 'ಮಾಸ್ ಎಫೆಕ್ಟ್'ನಲ್ಲಿ ನೀಲಿ, ಕೆಂಪು.

ನನಗೆ ಈ ಬಣ್ಣದ ಪಟ್ಟಿಗಳು ಅಷ್ಟಕ್ಕಷ್ಟೇ. 'ಈ ಸಲ ಒಳ್ಳೆಯವನಾಗಿ ಆಡ್ತೀನಿ' ಅಂತ ಶುರುವಲ್ಲೇ ನಿರ್ಧಾರ ಮಾಡ್ಕೊಂಡ್ರೆ ಮುಗೀತು, ಆಮೇಲೆ ಬರೀ ನೀಲಿ ಒತ್ತೋದು. ಅದಕ್ಕೆ ನೀತಿ ಅನ್ನೋಕಿಂತ ಉಳಿತಾಯ ಖಾತೆ ಅನ್ನಬಹುದು. ಆದರೂ ಆ ಸ್ಟಾರ್ ವಾರ್ಸ್ ಗೇಮಲ್ಲಿ ಒಂದು ಜಾಗ ಇದೆ: ನೀವು ಕತ್ತಲ ಕಡೆಗೆ ವಾಲಿದ್ರೆ, ಅಲ್ಲೀವರೆಗೆ ಜೊತೆಗಿದ್ದ ಮುದುಕ ಜೋಲಿ ನಿಮ್ಮ ಎದುರೇ ಕತ್ತಿ ಎತ್ತುತ್ತಾನೆ. ಯಾವ ಮೀಟರ್ರೂ ಹುಟ್ಟಿಸದ ನಾಚಿಕೆ ಅಲ್ಲಿ ಹುಟ್ಟುತ್ತೆ.

(3/5)

ಟೆಲ್‌ಟೇಲ್‌ನವರು ಪಟ್ಟಿ, ಅಂಕ, ಬಣ್ಣ ಎಲ್ಲಾ ಕಿತ್ತುಹಾಕಿದ್ರು. ಉಳಿದಿದ್ದು ಜನ, ಮತ್ತೆ ಓಡ್ತಿರೋ ಟೈಮರ್. ಉತ್ತರ ಕೊಡದೆ ಸುಮ್ಮನಿದ್ರೆ ಆ ಮೌನವೂ ನಿಮ್ಮದೇ ಆಯ್ಕೆ.

ನೀವು ಲೀ ಎವರೆಟ್. ಜಾರ್ಜಿಯಾದ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪಾಠ ಮಾಡ್ತಿದ್ದವನು (ನಮ್ಮ ಡಿಪಾರ್ಟ್‌ಮೆಂಟೇ!). ಹೆಂಡತಿ ಜೊತೆ ಸಂಬಂಧ ಇಟ್ಕೊಂಡಿದ್ದವನನ್ನು ಕೊಂದು, ಪೊಲೀಸ್ ಕಾರಿನ ಹಿಂದಿನ ಸೀಟಲ್ಲಿ ಜೈಲಿಗೆ ಹೋಗ್ತಿರೋನು. ದಾರಿಯಲ್ಲೇ ಲೋಕ ಮುಳುಗುತ್ತೆ. ಎಂಟು ವರ್ಷದ ಕ್ಲೆಮೆಂಟೈನ್ ಸಿಗ್ತಾಳೆ, ಅಪ್ಪ ಅಮ್ಮ ದೂರದ ಸವಾನಾದಲ್ಲಿ.

ಆಮೇಲೆ ಆ ಇಬ್ಬರು ಬರ್ತಾರೆ. ಕೆನ್ನಿ ಮೀನುಗಾರ, ಜೊತೆಗೆ ಹೆಂಡತಿ ಕಟ್ಯಾ, ಮಗ ಡಕ್. ಅವನ ದಾರಿ: ನನ್ನವರು ಮೊದಲು, ಅಪಾಯ ಬರೋ ಮುಂಚೆ ಕೈ ಎತ್ತು. ಲಿಲ್ಲಿ ಗುಂಪಿನ ಊಟ ಅಳೆದು ಹಂಚೋಳು, ಅಪ್ಪ ಲ್ಯಾರಿ ಜೊತೆಗಿದ್ದಾನೆ. ಅವಳ ದಾರಿ: ನಿಯಮ ಇರಲಿ, ಎಲ್ಲರೂ ಉಳೀಲಿ, ಆತುರ ಬೇಡ. ಒಂದು ದಿನ ಬೇಸತ್ತು 'ನೀನೇ ಹಂಚು' ಅಂತ ನಿಮ್ಮ ಕೈಗೇ ಊಟ ಕೊಡ್ತಾಳೆ. ಇರೋದು 4 ತುಂಡು. ಬಾಯಿ ಅದರ ಎರಡರಷ್ಟಾದ್ರೂ ಇವೆ. ಯಾರಿಗೆ ಕೊಡಲಿಲ್ವೋ ಅವರ ಮುಖ ನೋಡಿ ಒಂದ್ಸಲ.

(4/5)

ಎರಡನೇ ಕಂತಿನ ಮಾಂಸದ ಕೋಣೆ. ಇಡೀ ಗೇಮ್ ನಿಂತಿರೋದು ಈ ಕೋಣೆ ಮೇಲೆ ಅಂತ ನನ್ನ ಲೆಕ್ಕ.

ಹೈನು ಸಾಕಿದ ಕುಟುಂಬವೊಂದು ಊಟಕ್ಕೆ ಕರೆದು, ಕೊನೆಗೆ ಇವರನ್ನೇ ಕೋಣೆಯೊಳಗೆ ಕೂಡಿಹಾಕುತ್ತೆ. ಲ್ಯಾರಿ ಸಿಟ್ಟಲ್ಲಿ ಬಾಗಿಲು ಗುದ್ದಿ ಗುದ್ದಿ ಎದೆ ಹಿಡ್ಕೊಂಡು ಬೀಳ್ತಾನೆ. ಕಚ್ಚಿಸಿಕೊಳ್ಳದಿದ್ರೂ ಸತ್ತವರು ಎದ್ದು ಬರ್ತಾರೆ ಅಂತ ಅದೇ ಕಂತಲ್ಲಿ ಗೊತ್ತಾಗಿರುತ್ತೆ. ಲಿಲ್ಲಿ ಅಪ್ಪನ ಎದೆ ಒತ್ತುತ್ತಾ 'ಬದುಕಿದ್ದಾರೆ' ಅಂತಾಳೆ. ಕೆನ್ನಿ ದೊಡ್ಡ ಉಪ್ಪಿನ ಬಂಡೆ ಎತ್ಕೊಂಡು 'ಹೋದ, ಎದ್ದರೆ ನಾವ್ಯಾರೂ ಉಳಿಯಲ್ಲ' ಅಂತಾನೆ. ಯಾರ ಕಡೆ ನಿಲ್ತೀರಿ?

ನೀವು ಯಾರ ಕಡೆ ನಿಂತ್ರೂ ಬಂಡೆ ಬೀಳುತ್ತೆ. ಲಿಲ್ಲಿ ಜೊತೆ ಕೂತು ಎದೆ ಒತ್ತಿದ್ರೆ, ಅದಕ್ಕೆ ಒಂದು ಕ್ಷಣ ಮುಂಚೆ ಲ್ಯಾರಿ ಬಾಯಿ ಅಲುಗಿದ ಹಾಗಾಗುತ್ತೆ. ಉಸಿರಾ, ಹೆಣ ಎದ್ದಿದ್ದಾ? ಗೇಮ್ ಹೇಳಲ್ಲ. 'ಹಂಗಾದ್ರೆ ಆಯ್ಕೆ ಅನ್ನೋದೇ ಸುಳ್ಳು' ಅಂತ ಬೈಯೋರು ತುಂಬಾ ಜನ ಇದ್ದಾರೆ. ಸಾವು ಬದಲಾಗಲ್ಲ, ನಿಜ. ಆ ಹೊತ್ತಲ್ಲಿ ನೀವು ಯಾರ ಪಕ್ಕ ಇದ್ರಿ ಅನ್ನೋದು ಬದಲಾಗುತ್ತೆ, ಅದನ್ನು ಕೆನ್ನಿ ಐದನೇ ಕಂತಿನವರೆಗೂ ಮರೆಯಲ್ಲ. ಮತ್ತೆ ಮೂಲೆಯಲ್ಲಿ ಕ್ಲೆಮೆಂಟೈನ್ ನಿಂತು ಎಲ್ಲಾ ನೋಡಿರ್ತಾಳೆ.

ಈಗ ಮೂರನೇ ಕಂತು ನೋಡಿ. ಡಕ್‌ನ ಶವಗಳು ಕಚ್ಚಿರ್ತವೆ. ಪರರ ಅಪ್ಪನಿಗೆ ಒಂದು ನಿಮಿಷವೂ ಕೊಡದ ಕೆನ್ನಿ, ಮಗ ಕಣ್ಣೆದುರೇ ಸಾಯ್ತಿದ್ರೂ 'ಏನಾಗಿಲ್ಲ' ಅಂತ ರೈಲು ಓಡಿಸ್ತಾನೇ ಇರ್ತಾನೆ. ಇತ್ತ ಲಿಲ್ಲಿ, 'ಕಾಯಿರಿ, ಖಾತ್ರಿ ಮಾಡ್ಕೊಳ್ಳಿ' ಅಂತ ಅತ್ತವಳು, ಔಷಧಿ ಕದ್ದವರು ಯಾರು ಅಂತ ಬರೀ ಅನುಮಾನದ ಮೇಲೆ ಗುಂಪಿನ ಒಬ್ಬರ ತಲೆಗೆ ಗುಂಡು ಹೊಡೀತಾಳೆ. ನಿಜವಾಗಿ ಕದ್ದವನು ಬೆನ್ ಅನ್ನೋ ಹುಡುಗ.

ಇಬ್ಬರೂ ದಾರಿ ಅದಲುಬದಲು ಮಾಡ್ಕೊಂಡ್ರು! ಅಲ್ಟಿಮಾದ ಡುಪ್ರೆ ಕೊನೆವರೆಗೂ ಮಾನದ ಡುಪ್ರೆನೇ. ಇಲ್ಲಿ ಹಾಗಿಲ್ಲ. ನೆಲದ ಮೇಲೆ ಬಿದ್ದಿರೋದು ಯಾರ ಅಪ್ಪ, ಯಾರ ಮಗ ಅನ್ನೋದರ ಮೇಲೆ ದಾರಿ ತಿರುಗುತ್ತೆ. ಮೊದಲ ಸಲ ಆಡಿದಾಗ ಕೆನ್ನಿ ಮೇಲೆ ಬಂದ ನನ್ನ ಸಿಟ್ಟು ಇಳಿದಿದ್ದು ಆ ರೈಲಿನಲ್ಲೇ.

(5/5)

ದಾರಿಯನ್ನು ಬದಲಿಸದೆ ಕಟ್ಟುನಿಟ್ಟಾಗಿ ಹಿಡಿದವರೂ ಸಿಗ್ತಾರೆ. ನಾಲ್ಕನೇ ಕಂತಿನ ಕ್ರಾಫರ್ಡ್: ಮಕ್ಕಳು, ಮುದುಕರು, ರೋಗಿಗಳು ಯಾರೂ ಬೇಡ ಅಂತ ಬೇಲಿ ಕಟ್ಟಿಕೊಂಡ ಬಡಾವಣೆ. ನಮ್ಮವರು ಅಲ್ಲಿಗೆ ಹೋಗೋ ಹೊತ್ತಿಗೆ ಒಳಗಿರೋದೆಲ್ಲ ನಡೆದಾಡೋ ಹೆಣಗಳೇ.

ನನಗಿಷ್ಟ ಆದವನು ಚಕ್. ರೈಲಲ್ಲಿ ಮಲಗ್ತಿದ್ದ, ಮನೆಮಠ ಇಲ್ಲದ ಮುದುಕ. ಅವನು ಕೆನ್ನಿ ಬಗ್ಗೆಯೂ ಮಾತಾಡಲ್ಲ, ಲಿಲ್ಲಿ ಬಗ್ಗೆಯೂ ಇಲ್ಲ. ಹುಡುಗಿಗೆ ಗನ್ ಹಿಡಿಯೋದು ಕಲಿಸು, ಹೆಣಗಳ ಕೈಗೆ ಸಿಗದ ಹಾಗೆ ಕೂದಲು ಕತ್ತರಿಸು, ಇಲ್ಲಾಂದ್ರೆ ಡಕ್‌ಗೆ ಆದದ್ದೇ ಅವಳಿಗೂ ಆಗುತ್ತೆ ಅಂತಾನೆ, ಅಷ್ಟೇ. ಅಲ್ಲೀವರೆಗೆ ನೀವು ನಿಮ್ಮ ಆತ್ಮಸಾಕ್ಷಿ ಲೆಕ್ಕ ಹಾಕ್ತಾ ಇದ್ರಿ. ಅಲ್ಲಿಂದ ಮುಂದೆ ಲೆಕ್ಕ ಪುಸ್ತಕ ಅವಳ ಕೈಗೆ ಹೋಗುತ್ತೆ. ಕೊನೆಯಲ್ಲಿ ಲೀಗೆ ಶವ ಕಚ್ಚಿದಾಗ, ತನ್ನನ್ನು ಕೊಂದು ಹೋಗು ಅಂತ ಹೇಳಬೇಕಾ, ಹಾಗೇ ಬಿಟ್ಟು ಹೋಗು ಅನ್ನಬೇಕಾ ಅಂತ ನಿಮ್ಮನ್ನೇ ಕೇಳುತ್ತೆ. ಕೆಲಸ ಮಾಡೋದು ಮಾತ್ರ ಅವಳು.

2018ರಲ್ಲಿ ಕೊನೆಯ ಸೀಸನ್. ಸೆಪ್ಟೆಂಬರ್‌ನಲ್ಲಿ ಟೆಲ್‌ಟೇಲ್ ಹೆಚ್ಚುಕಮ್ಮಿ ಮುಚ್ಚೇ ಹೋಯ್ತು, 250ರಷ್ಟು ಜನ ಕೆಲಸ ಕಳ್ಕೊಂಡ್ರು. ಉಳಿದ ಕಂತುಗಳನ್ನು ಸ್ಕೈಬೌಂಡ್ ಕಂಪನಿ 2019ರಲ್ಲಿ ಮುಗಿಸ್ತು. ಇದರಲ್ಲಿ ಕ್ಲೆಮೆಂಟೈನ್ ದೊಡ್ಡವಳು, ಎ.ಜೆ. ಅನ್ನೋ ಪುಟ್ಟ ಹುಡುಗನನ್ನು ಸಾಕ್ತಿದ್ದಾಳೆ. ಆಗ ಎದುರಾಗೋದು ಯಾರು? ಲಿಲ್ಲಿ. ಮಕ್ಕಳನ್ನು ಹಿಡಿದು ಯುದ್ಧಕ್ಕೆ ಒಯ್ಯೋ ಗುಂಪಿನ ನಾಯಕಿ. ಮೂರನೇ ಕಂತಿನ ಕೊನೆಗೆ ಅವಳು ಸೋತು ಬಿದ್ದಿರ್ತಾಳೆ, ಎ.ಜೆ. ಗನ್ ಹಿಡಿದು ಕ್ಲೆಮೆಂಟೈನ್ ಮುಖ ನೋಡ್ತಾನೆ. ಏನು ಹೇಳಬೇಕು ಅನ್ನೋದು ನಿಮ್ಮ ಕೈಲಿ.

ಮಾಂಸದ ಕೋಣೆಯಲ್ಲಿ ನೀವು ಯಾರ ಪಕ್ಕ ಕೂತಿದ್ರಿ, ಇಲ್ಲಿ ಎ.ಜೆ.ಗೆ ಏನಂದ್ರಿ? ಎರಡನ್ನೂ ಕಾಮೆಂಟಲ್ಲಿ ಬರೀರಿ. ಒಂದೇ ಬರೆದು ಜಾರ್ಕೋಬೇಡಿ.